ಮರಾಂಟ್ಸ್ 2230ರ ಡಯಲಿಗೆ ಎಲ್‌ಇಡಿ: ಕೆಲವು ಮಳೆಗಾಲಗಳ ನಂತರ

ನಮ್ಮ ಚಾವಡಿಯಲ್ಲಿರುವ ಮರಾಂಟ್ಸ್ 2230 ರಿಸೀವರಿನ (ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಸೆಟ್ಟಿನ) ಡಯಲ್ ಬಲ್ಬುಗಳನ್ನು ತೆಗೆದು ಎಲ್‌ಇಡಿ ಹಾಕಿದ್ದು 2021ರ ಬೇಸಿಗೆಯಲ್ಲಿ. ಇಷ್ಟು ಮಳೆಗಾಲ ಕಳೆದ ಮೇಲೆ ಅಭಿಪ್ರಾಯ ಗಟ್ಟಿಯಾಗಿದೆ. ಡಯಲಿನ ಹಿಂದಿನ ಬಲ್ಬುಗಳನ್ನು ಧೈರ್ಯವಾಗಿ ಬದಲಿಸಿ. ಬೆಳಕಿನ ಬಣ್ಣವನ್ನು ಮಾತ್ರ ಎಚ್ಚರದಿಂದ ಆರಿಸಿ. ‘ಸ್ಟೀರಿಯೊ’ ಎಂದು ತೋರಿಸುವ ಪುಟ್ಟ ಬಲ್ಬನ್ನು ಮುಟ್ಟಬೇಡಿ.

ಈ ಮಾದರಿ 1970ರ ದಶಕದ ಆರಂಭದ್ದು, ಒಂದೊಂದು ಚಾನೆಲಿಗೆ 30 ವ್ಯಾಟ್. ನಮ್ಮದನ್ನು ಚಿಕ್ಕಪ್ಪ ಗಲ್ಫಿನಿಂದ ಹೊತ್ತು ತಂದರು. ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಹೀಗೆ ಬಂದ ಜಪಾನಿ ಸೆಟ್ಟುಗಳು ಇಂದಿಗೂ ಇವೆ. ಕೆಲವು ದೀಪ ಹೋಯಿತೆಂಬ ಒಂದೇ ಕಾರಣಕ್ಕೆ ಅಟ್ಟ ಸೇರಿವೆ. ಅವುಗಳ ಒಡೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಡಯಲಿನ ಹಿಂದೆ ಇರುವುದು ಗಾಜಿನ ಫ್ಯೂಸಿನ ಆಕಾರದ ಬಲ್ಬುಗಳು: 8 ವೋಲ್ಟ್, 0.3 ಆಂಪಿಯರ್. ಫಿಲಮೆಂಟ್ ಬಲ್ಬಿನ ಆಯುಸ್ಸು ವೋಲ್ಟೇಜಿನ ಸುಮಾರು ಹನ್ನೆರಡನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ವೋಲ್ಟೇಜ್ ಶೇಕಡಾ 5ರಷ್ಟು ಏರಿದರೆ ಸಾಕು, ಆಯುಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬದಿಯಡ್ಕದ ಆಸುಪಾಸಿನಲ್ಲಿ ಬೇಸಿಗೆಯ ಹಗಲು ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜ್ ಕುಸಿಯುತ್ತದೆ. ರಾತ್ರಿ ಅವು ನಿಂತ ಮೇಲೆ 230ನ್ನು ದಾಟಿ ಏರುತ್ತದೆ. ನಾವು ರೇಡಿಯೊ ಹಚ್ಚುವುದು ಆ ಹೊತ್ತಿಗೇ. ಬಲ್ಬುಗಳು ಪದೇಪದೇ ಹೋಗುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಎಲ್‌ಇಡಿ ಹಾಕಿದ ಮೇಲೆ ಒಂದೂ ಹೋಗಿಲ್ಲ.

ಆದರೆ ನಾನು ಬದಲಿಸಲು ಹೊರಟದ್ದು ಬಲ್ಬಿನ ಆಯುಸ್ಸಿಗಾಗಿ ಅಲ್ಲ, ಬಿಸಿಗಾಗಿ. 8 ವೋಲ್ಟನ್ನು 0.3 ಆಂಪಿಯರಿನಿಂದ ಗುಣಿಸಿದರೆ ಒಂದು ಬಲ್ಬಿಗೆ 2.4 ವ್ಯಾಟ್. ಅಂಥವು ಸಾಲಾಗಿ ಇಕ್ಕಟ್ಟಾದ ತಗಡಿನ ಗೂಡಿನೊಳಗೆ, ಕಾಗದಕ್ಕೂ ಪ್ಲಾಸ್ಟಿಕ್ಕಿಗೂ ಬೆರಳಗಲದ ಅಂತರದಲ್ಲಿ ಉರಿಯುತ್ತವೆ. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ತಾಳಮದ್ದಳೆ ಕ್ಯಾಸೆಟ್ ಹಾಕಿ ಕುಳಿತರೆ ಸೆಟ್ಟು ಆರುವುದು ನಡುರಾತ್ರಿಯ ಮೇಲೆಯೇ. ಮುಂಭಾಗ ಬಿಚ್ಚಿ ನೋಡಿದಾಗ ಬೆಳಕನ್ನು ಹರಡುವ ಕಾಗದ ಪ್ರತಿ ಬಲ್ಬಿನ ಎದುರೂ ಕಂದಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಡಯಲ್ ವರ್ಷವರ್ಷವೂ ಮಂಕಾಗುತ್ತಿದ್ದದ್ದು ಈ ಸುಟ್ಟ ಕಾಗದದಿಂದ. ಎಷ್ಟು ಹೊಸ ಬಲ್ಬು ಹಾಕಿದರೂ ಅದು ಸರಿಯಾಗುತ್ತಿರಲಿಲ್ಲ. ಈಗ ಒಂದು ಎಲ್‌ಇಡಿ ತುಂಡು ತಿನ್ನುವುದು ಕಾಲು ವ್ಯಾಟಿನ ಆಸುಪಾಸು. ಹಿಂಬದಿಯ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಬಿಸಿ ಮೊದಲಿನಂತೆಯೇ ಇದೆ. ಡಯಲಿನ ಗಾಜು ಮಾತ್ರ ಗಂಟೆಗಟ್ಟಲೆ ಹಾಡಿದ ಮೇಲೂ ತಣ್ಣಗಿರುತ್ತದೆ.

ಕೊಂಡದ್ದು ಆನ್‌ಲೈನಿನಲ್ಲಿ, ಹಳೆಯ ಕ್ಲಿಪ್ಪಿಗೇ ಕೂರುವ ಫ್ಯೂಸ್ ಆಕಾರದ ಎಲ್‌ಇಡಿಗಳನ್ನು. ಬೆಸುಗೆ ಹಾಕುವ ಕೆಲಸವೇ ಇಲ್ಲ. ಕೊಳ್ಳುವ ಮುನ್ನ ಅದರೊಳಗೆ ಏನಿದೆ ಎಂದು ಕೇಳಿ ತಿಳಿಯಬೇಕು. ನನ್ನ ಸೆಟ್ಟಿನಲ್ಲಿ ಬಲ್ಬಿಗೆ ಹೋಗುವುದು ಟ್ರಾನ್ಸ್‌ಫಾರ್ಮರಿನಿಂದ ನೇರವಾಗಿ ಬರುವ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಬರಿಯ ಎಲ್‌ಇಡಿಯೂ ರೆಸಿಸ್ಟರೂ ಮಾತ್ರ ಇದ್ದರೆ ಅದು ಪ್ರತಿ ಆವರ್ತದ ಅರ್ಧ ಹೊತ್ತು ಆರಿಯೇ ಇರುತ್ತದೆ, ಸೆಕೆಂಡಿಗೆ 50 ಸಲ ಮಿನುಗುತ್ತದೆ. ಫಿಲಮೆಂಟಿಗೆ ಆ ತೊಂದರೆ ಇಲ್ಲ. ಕಾದ ತಂತಿ ಅಷ್ಟರಲ್ಲಿ ತಣಿಯುವುದಿಲ್ಲ. ಎಸಿಯ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸುವ ಬ್ರಿಡ್ಜ್ ರೆಕ್ಟಿಫೈಯರ್ ಇದ್ದರೆ ಮಿನುಗು 100ಕ್ಕೆ ಏರುತ್ತದೆ, ಜೊತೆಗೆ ಒಂದು ಕೆಪಾಸಿಟರೂ ಇದ್ದರೆ ಬೆಳಕು ನಿಂತ ನೀರಿನಂತೆ ಸ್ಥಿರ. ಸುಲಭ ಪರೀಕ್ಷೆಯೊಂದಿದೆ: ಮೊಬೈಲ್ ಕ್ಯಾಮೆರಾವನ್ನು ಡಯಲಿಗೆ ಹಿಡಿಯಿರಿ, ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದರೆ ಆ ಸರಕು ಬೇಡ. ಕೆಪಾಸಿಟರ್ ಇರುವವು ತುಸು ದುಬಾರಿ. ಆದರೂ ಅವನ್ನೇ ಕೊಳ್ಳಿ. ಕತ್ತಲ ಕೋಣೆಯಲ್ಲಿ ಮಿನುಗುವ ಡಯಲನ್ನು ನೋಡುತ್ತ ಹಾಡು ಕೇಳುವುದು ಕಣ್ಣಿಗೆ ಹಿಂಸೆ.

ಬಣ್ಣದ ವಿಚಾರ ಇನ್ನೂ ದೊಡ್ಡದು. ಮರಾಂಟ್ಸಿನ ಹೆಸರು ನಿಂತಿರುವುದೇ ಆ ನೀಲಿ ಡಯಲಿನ ಮೇಲೆ. ಆ ನೀಲಿ ಬಲ್ಬಿನದಲ್ಲ, ಬಲ್ಬಿನ ಮುಂದಿರುವ ಶೋಧಕ ಹಾಳೆಯದು. ಫಿಲಮೆಂಟಿನ ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಕಡಿಮೆ. ಅದಕ್ಕೇ ಹಾಳೆಯನ್ನು ದಾಟಿ ಬಂದ ಬೆಳಕು ತುಸು ಹಸಿರು ಬೆರೆತ ಮೆದು ನೀಲಿಯಾಗಿ ಕಾಣುತ್ತದೆ. ಎಲ್‌ಇಡಿಯ ಬಿಳಿ ಬೆಳಕು ಹುಟ್ಟುವ ಬಗೆಯೇ ಬೇರೆ: ಒಳಗಿರುವುದು ನೀಲಿ ಬೆಳಕು ಸೂಸುವ ಚಿಪ್, ಅದರ ಮೇಲೆ ಹಳದಿ ಫಾಸ್ಫರ್ ಲೇಪ. ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ನೀಲಿ ಹೆಚ್ಚು. 6000 ಕೆಲ್ವಿನ್ನಿನ ತಂಪು ಬಿಳಿಯನ್ನು ಹಾಕಿದರೆ ಹಾಳೆ ಆ ನೀಲಿಯನ್ನೆಲ್ಲ ಹೊರಗೆ ಬಿಡುತ್ತದೆ. ನೀರ್ಚಾಲಿನ ಸ್ನೇಹಿತರೊಬ್ಬರ ಮರಾಂಟ್ಸಿನಲ್ಲಿ ಅದನ್ನು ನೋಡಿದ್ದೇನೆ. ಮಗ್ಗುಲಲ್ಲಿ ಕುಳಿತು ಮಾತನಾಡುವಾಗಲೂ ಕಣ್ಣನ್ನು ಚುಚ್ಚುತ್ತದೆ. ಅಷ್ಟು ಸೌಮ್ಯವಾದ ಮುಖಕ್ಕೆ ಹೀಗೆ ಮಾಡಬಾರದು ಎಂದು ನನಗೆ ನಿಜವಾಗಿಯೂ ನೋವಾಯಿತು. ನಾನು ಹಾಕಿದ್ದು 2700 ಕೆಲ್ವಿನ್ನಿನವು. ಪಕ್ಕದಲ್ಲೇ ಹಳೆಯ ಬಲ್ಬನ್ನಿಟ್ಟು ಹೋಲಿಸಿದರೆ ಕೂದಲೆಳೆಯಷ್ಟು ವ್ಯತ್ಯಾಸ ಕಾಣುತ್ತದೆ. ಒಂಟಿಯಾಗಿ ನೋಡಿದರೆ ಇದು ಅದೇ ಡಯಲ್.

ಎಲ್‌ಇಡಿ ಎದುರಿಗಷ್ಟೇ ಬೆಳಕು ಚೆಲ್ಲುತ್ತದೆ. ಹಾಗಾಗಿ ಹರಡುವ ಕಾಗದ ಹೊಸದಾಗದಿದ್ದರೆ ಡಯಲಿನಲ್ಲಿ ಚುಕ್ಕೆಚುಕ್ಕೆಯಾಗಿ ಹೊಳೆಯುತ್ತದೆ. ಟ್ರೇಸಿಂಗ್ ಕಾಗದವನ್ನು ಅಳತೆಗೆ ಕತ್ತರಿಸಿ ಹಾಕಿದೆ. ಬೇಸಿಗೆಯಲ್ಲಿ ಬಹಳ ಚೆನ್ನಾಗಿತ್ತು. ಆಟಿ ತಿಂಗಳ ಮಳೆಗೆ ಅದು ತೇವ ಹೀರಿ ಸುರುಳಿ ಸುತ್ತಿತು. ಹಿಂದೆ ಬಲ್ಬಿನ ಬಿಸಿಯೇ ಆ ಗೂಡನ್ನು ಒಣಗಿಸುತ್ತಿತ್ತೆಂಬುದು ಆಗ ಹೊಳೆಯಿತು. ಈಗ ಅಲ್ಲಿರುವುದು ನಕ್ಷೆ ಬಿಡಿಸುವವರು ಬಳಸುವ ಮಂಜು ಬಣ್ಣದ ಪಾಲಿಯೆಸ್ಟರ್ ಹಾಳೆ, ಮಳೆಗೆ ಜಗ್ಗುವುದಿಲ್ಲ. ಕರಾವಳಿಯವರು ಮೊದಲಿಗೇ ಇದನ್ನು ಹಾಕುವುದು ಒಳ್ಳೆಯದು. ಮಳೆಗಾಲ ಮುಗಿದ ಮೇಲೆ ಕ್ಲಿಪ್ಪುಗಳಿಗೆ ಹಿಡಿದ ಕಿಲುಬನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸುತ್ತೇನೆ. ಒಂದೆರಡು ಸಲ ದೀಪ ಕಣ್ಣು ಮಿಟುಕಿಸಿದ್ದು ಕಿಲುಬಿನಿಂದಲೇ. ಪ್ಲಗ್ ಕಿತ್ತು, ಒಳಗಿನ ದೊಡ್ಡ ಕೆಪಾಸಿಟರುಗಳು ಖಾಲಿಯಾಗುವಷ್ಟು ಹೊತ್ತು ಬಿಟ್ಟ ನಂತರವೇ ಒಳಗೆ ಕೈ ಹಾಕಬೇಕು.

ಇನ್ನು ಸ್ಟೀರಿಯೊ ದೀಪ. ನಮ್ಮಲ್ಲಿ ಉತ್ತರಕ್ಕೆ ಮಂಗಳೂರು ಆಕಾಶವಾಣಿಯ ಎಫ್‌ಎಂ 100.3 ಮೆಗಾಹರ್ಟ್ಸ್, ದಕ್ಷಿಣಕ್ಕೆ ಕಣ್ಣೂರಿನ 101.5. ಡಯಲಿನ ಮೇಲೆ ಎರಡಕ್ಕೂ ನಡುವೆ ಅಂತರ ಬಹಳ ಸಣ್ಣದು. ಮುಳ್ಳು ಎಲ್ಲಿದೆ, ಸಂಕೇತ ಎಷ್ಟು ಬಲವಾಗಿದೆ ಎಂದು ನೋಡುತ್ತಲೇ ಆಂಟೆನಾ ತಿರುಗಿಸಬೇಕು. ಪ್ರಸಾರದಲ್ಲಿ ಸ್ಟೀರಿಯೊ ಇದೆ ಎಂದು ತಿಳಿಸುವ 19 ಕಿಲೊಹರ್ಟ್ಸಿನ ಪೈಲಟ್ ಸಂಕೇತ ಸರಿಯಾಗಿ ಸಿಕ್ಕಾಗಷ್ಟೇ ಟ್ರಾನ್ಸಿಸ್ಟರೊಂದು ಆ ಪುಟ್ಟ ಬಲ್ಬನ್ನು ಹಚ್ಚುತ್ತದೆ. ಅಲ್ಲಿ ಎಲ್‌ಇಡಿ ಹಾಕಿದರೆ, ಫಿಲಮೆಂಟನ್ನು ಕಾಯಿಸಲು ಸಾಲದ ಸೋರಿಕೆಯ ವಿದ್ಯುತ್ತೂ ಅದನ್ನು ಮಂದವಾಗಿ ಉರಿಸಬಲ್ಲದು. ಆಗ ಸ್ಟೀರಿಯೊ ಇದೆಯೋ ಇಲ್ಲವೋ ಎಂದು ಹೇಳಬೇಕಾದ ದೀಪ ಸುಳ್ಳು ಹೇಳತೊಡಗುತ್ತದೆ. ಸಮಾಂತರವಾಗಿ ಒಂದು ರೆಸಿಸ್ಟರ್ ಸೇರಿಸಿ ಸರಿಪಡಿಸಬಹುದು. ಆದರೆ ಆ ಪುಟ್ಟ ಬಲ್ಬು ತಿನ್ನುವ ವಿದ್ಯುತ್ತೂ ಕಡಿಮೆ, ಉರಿಯುವ ಹೊತ್ತೂ ಕಡಿಮೆ. ಮೂಲ ಬಲ್ಬನ್ನೇ ಉಳಿಸಿಕೊಂಡಿದ್ದೇನೆ.

ಬೆಳಕಿನ ಬಲ ಕುಗ್ಗಿದಂತೆ ಈವರೆಗೆ ಕಂಡಿಲ್ಲ. ಮಧ್ಯಮ ತರಂಗದಲ್ಲಿ ರಾತ್ರಿ ದೂರದ ನಿಲ್ದಾಣ ಹುಡುಕುವಾಗ ಹೊಸ ಗೊರಗೊರ ಸದ್ದೇನಾದರೂ ಸೇರಿದೆಯೇ ಎಂದು ಕಿವಿಗೊಟ್ಟು ಕೇಳಿದ್ದೇನೆ, ಸೇರಿಲ್ಲ. ಸ್ವಿಚಿಂಗ್ ಡ್ರೈವರ್ (ವಿದ್ಯುತ್ತನ್ನು ಅತಿ ವೇಗವಾಗಿ ಹಚ್ಚಿ ಆರಿಸಿ ನಿಯಂತ್ರಿಸುವ ಸರ್ಕ್ಯೂಟು) ಇರುವ ಎಲ್‌ಇಡಿಗಳಿಂದ ಆ ತೊಂದರೆ ಬರಬಹುದು. ರೆಸಿಸ್ಟರಿನಿಂದ ನಡೆಯುವವನ್ನೇ ಕೇಳಿ ಪಡೆಯಿರಿ. ದೀಪ ಬದಲಿಸಿದರೆ ಧ್ವನಿಯೂ ಸುಧಾರಿಸುತ್ತದೆ ಎಂದು ಕೆಲವು ಮಾರಾಟಗಾರರು ಬರೆದುಕೊಂಡಿರುತ್ತಾರೆ. ನನ್ನ ಕಿವಿಗೆ ಎಳ್ಳಷ್ಟೂ ಬದಲಾವಣೆ ಕೇಳಿಸಿಲ್ಲ, ಆ ಮಾತಿಗೆ ಹೆಚ್ಚು ಹಣ ಕೊಡಬೇಡಿ.