ರಿಪೀಟರಿಗೆ ಕರೆ ಸಂಕೇತ ಹೇಳಿಸಲು ಅರ್ಡುಯಿನೊ ನ್ಯಾನೊ: ಒಂದೂವರೆ ವರ್ಷದ ಬಳಕೆಯ ನಂತರ

ಗುಡ್ಡದ ಮೇಲಿನ ಹವ್ಯಾಸಿ ರೇಡಿಯೊ ರಿಪೀಟರಿನ ಮುಂದೆ ಯಾರೂ ಕುಳಿತಿರುವುದಿಲ್ಲ. ಕಣಿವೆಯಲ್ಲಿರುವವರ ಕೈಸೆಟ್ಟಿನ ದುರ್ಬಲ ಸಂಕೇತವನ್ನು ಅದು ಒಂದು ಆವರ್ತನದಲ್ಲಿ ಕೇಳಿಸಿಕೊಂಡು, ಅದೇ ಕ್ಷಣದಲ್ಲಿ ಇನ್ನೊಂದು ಆವರ್ತನದಲ್ಲಿ ಹೆಚ್ಚಿನ ಶಕ್ತಿಯಿಂದ ಮರುಪ್ರಸಾರ ಮಾಡುತ್ತದೆ. 2 ಮೀಟರ್ ಬ್ಯಾಂಡಿನಲ್ಲಿ ಈ ಎರಡು ಆವರ್ತನಗಳ ನಡುವೆ 600 ಕಿಲೊಹರ್ಟ್ಸ್ ಅಂತರವಿಡುವುದು ರೂಢಿ. ಪ್ರಸಾರ ಮಾಡುತ್ತಿರುವ ನಿಲ್ದಾಣ ಯಾವುದೆಂದು ಕೇಳುವವರಿಗೆ ತಿಳಿಯಬೇಕು, ಆದ್ದರಿಂದ ಹವ್ಯಾಸಿ ನಿಲ್ದಾಣಗಳು ಪ್ರಸಾರದ ಅವಧಿಯಲ್ಲಿ ಆಗಾಗ ತಮ್ಮ ಕರೆ ಸಂಕೇತವನ್ನು, ಅಂದರೆ ಪರವಾನಗಿಯೊಂದಿಗೆ ಸಿಕ್ಕ ಗುರುತಿನ ಹೆಸರನ್ನು, ಹೇಳುತ್ತಿರಬೇಕೆಂದು ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯೇ ವಿಧಿಸುತ್ತದೆ. ಅಮೆರಿಕದ ನಿಯಮ ಇನ್ನೂ ಸ್ಪಷ್ಟ: 10 ನಿಮಿಷಕ್ಕೊಮ್ಮೆಯಾದರೂ ಹೇಳಬೇಕು, ಯಂತ್ರವೇ ಚುಕ್ಕೆ-ಗೆರೆಗಳ ಮೋರ್ಸ್‌ನಲ್ಲಿ ಹೇಳುವುದಾದರೆ ವೇಗ ನಿಮಿಷಕ್ಕೆ 20 ಪದ ಮೀರಬಾರದು. ನಮ್ಮ ಗುಂಪಿನ ರಿಪೀಟರಿಗೆ ಈ ಎರಡು ಅಂಕಿಗಳನ್ನೇ ಮಿತಿಯಾಗಿ ಇಟ್ಟುಕೊಂಡು, ಅರ್ಡುಯಿನೊ ನ್ಯಾನೊ ಮಾದರಿಯ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಸ್ವಯಂಚಾಲಿತ ಗುರುತು ಸಾಧನವೊಂದನ್ನು ಕಟ್ಟಿದೆ. ಒಂದೂವರೆ ವರ್ಷದಿಂದ ಅದು ಮಲೆನಾಡಿನ ಗುಡ್ಡವೊಂದರ ಮೇಲೆ ಕೆಲಸ ಮಾಡುತ್ತಿದೆ.

ಬೋರ್ಡಿನ ಸಾಮರ್ಥ್ಯದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರಲ್ಲಿರುವ ಎಟಿಮೆಗಾ328ಪಿ ಚಿಪ್ಪಿಗೆ 16 ಮೆಗಾಹರ್ಟ್ಸ್ ವೇಗ, 32 ಕಿಲೊಬೈಟ್ ಫ್ಲ್ಯಾಶ್ ಮೆಮೊರಿ ಇದ್ದು, ನನ್ನ ಪ್ರೋಗ್ರಾಂ ಅದರ ಆರನೆಯ ಒಂದು ಪಾಲನ್ನೂ ತುಂಬಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಸಿಎಚ್340 ಯುಎಸ್‌ಬಿ ಚಿಪ್ಪಿರುವ ನಕಲು ಬೋರ್ಡನ್ನು 320 ರೂಪಾಯಿಗೆ ಕೊಂಡೆ. ಮೋರ್ಸ್ ಕಳುಹಿಸುವ ಲೆಕ್ಕವೂ ಸರಳ. 1200ನ್ನು ವೇಗದಿಂದ ಭಾಗಿಸಿದರೆ ಒಂದು ಚುಕ್ಕೆಯ ಅವಧಿ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ, ಗೆರೆಗೆ ಅದರ ಮೂರು ಪಟ್ಟು, ಅಕ್ಷರಗಳ ನಡುವಿನ ಮೌನಕ್ಕೂ ಮೂರು ಪಟ್ಟು. ನಾನು ಆರಿಸಿಕೊಂಡ 15 ಪದಗಳ ವೇಗದಲ್ಲಿ ಚುಕ್ಕೆ 80 ಮಿಲಿಸೆಕೆಂಡಾಗುತ್ತದೆ. ನಮ್ಮ ದೇಶದ ಕರೆ ಸಂಕೇತಗಳ ಮೊದಲಿಗೆ ಬರುವ ‘ವಿಯು2’ ಎಂಬಷ್ಟಕ್ಕೇ 37 ಚುಕ್ಕೆಗಳ ಕಾಲ, ಅಂದರೆ ಸುಮಾರು 3 ಸೆಕೆಂಡು ಬೇಕು. 20ರ ವೇಗ ಇಟ್ಟಿದ್ದರೆ ಸಮಯ ಉಳಿಯುತ್ತಿತ್ತು, ಆದರೆ ಹೊಸದಾಗಿ ಪರವಾನಗಿ ಪಡೆದವರಿಗೂ ಕಿವಿಯಲ್ಲೇ ಬಿಡಿಸಿಕೊಳ್ಳಲು ಬರಬೇಕೆಂಬುದು ನನ್ನ ಆಸೆಯಾಗಿತ್ತು.

ಸಾಧನದ ಗುಣ ತಿಳಿಯುವುದು ಅದು ಯಾವಾಗ ಮಾತನಾಡುತ್ತದೆ ಎಂಬುದರಲ್ಲಿ. ಯಾರೂ ಬಳಸದ ರಾತ್ರಿಯಿಡೀ ರಿಪೀಟರ್ 10 ನಿಮಿಷಕ್ಕೊಮ್ಮೆ ಕೂಗುತ್ತಿದ್ದರೆ ಬ್ಯಾಟರಿಯೂ ಹಾಳು, ಕೇಳುವವರ ನೆಮ್ಮದಿಯೂ ಹಾಳು. ಆದ್ದರಿಂದ ರಿಸೀವರಿನ ಸ್ಕ್ವೆಲ್ಚ್ (ಯಾರೂ ಮಾತನಾಡದಾಗ ಗೊರಗೊರ ಸದ್ದನ್ನು ಮುಚ್ಚಿಡುವ ಭಾಗ) ತೆರೆದಾಗ ಬರುವ ಸೂಚನೆಯನ್ನು ಬೋರ್ಡಿನ ಒಂದು ಪಿನ್ನಿಗೆ ಕೊಟ್ಟು, ಮಾತುಕತೆ ನಡೆದಿದ್ದರೆ ಮಾತ್ರ ಕರೆ ಸಂಕೇತ ಹೋಗುವಂತೆ ಮಾಡಿದ್ದೇನೆ. ಎಂಟೂವರೆ ನಿಮಿಷ ದಾಟಿದ ಮೇಲೆ ಮಾತಿನ ನಡುವೆ ಬಿಡುವು ಸಿಕ್ಕರೆ ಆ ಬಿಡುವಿನಲ್ಲೇ ಹೇಳಿ ಮುಗಿಸುತ್ತದೆ. ಬಿಡುವೇ ಸಿಗದೆ 10 ನಿಮಿಷ ತುಂಬಿದರೆ ಮಾತಿನ ಹಿಂದೆ ಮೆಲುದನಿಯಲ್ಲಿ ಹೇಳುತ್ತದೆ. ಇದು ಸಾಧ್ಯವಾಗಬೇಕಾದರೆ ಪ್ರೋಗ್ರಾಮಿನಲ್ಲಿ ‘ಡಿಲೇ’ ಆದೇಶವನ್ನು ಎಲ್ಲಿಯೂ ಬಳಸಬಾರದು, ಏಕೆಂದರೆ ಆ ಆದೇಶ ನಡೆಯುತ್ತಿರುವಷ್ಟು ಹೊತ್ತು ಮುಖ್ಯ ಪ್ರೋಗ್ರಾಂ ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ, ಯಾರಾದರೂ ಮಾತು ಶುರು ಮಾಡಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಸ್ವರದ ಗುಣಮಟ್ಟದಲ್ಲಿ ಬೋರ್ಡಿನಿಂದ ಹೆಚ್ಚು ನಿರೀಕ್ಷಿಸಬಾರದು. ಪಿನ್ನಿನಿಂದ ಹೊರಬರುವುದು 5 ವೋಲ್ಟಿನ ಚೌಕ ತರಂಗ, ಹಾಗೆಯೇ ಟ್ರಾನ್ಸ್‌ಮಿಟರಿಗೆ ಕೊಟ್ಟರೆ ಕರ್ಕಶವಾಗಿ ಕೇಳಿಸುತ್ತದೆ. 10 ಕಿಲೊಓಮ್ ರೆಸಿಸ್ಟರು ಮತ್ತು 0.01 ಮೈಕ್ರೊಫ್ಯಾರಡ್ ಕೆಪ್ಯಾಸಿಟರಿನ ಒಂದು ಹಂತ ಸುಮಾರು 1,600 ಹರ್ಟ್ಸ್‌ನಿಂದ ಮೇಲಿನದನ್ನು ತಗ್ಗಿಸುತ್ತದೆ. ಅಂಥ ಎರಡು ಹಂತ ಹಾಕಿ, 800 ಹರ್ಟ್ಸ್ ಸ್ವರವನ್ನು ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ರೆಸಿಸ್ಟರಾದ ಪ್ರಿಸೆಟ್‌ನಿಂದ ಇಳಿಸಿದ ಮೇಲೆ ದನಿ ಕೊಳಲಿನಂತೆ ಮೃದುವಾಯಿತು. ಪ್ರಿಸೆಟ್ ತಿರುಗಿಸುವಾಗ ಗೆಳೆಯರೊಬ್ಬರು ಪಕ್ಕದ ಊರಿನಿಂದ ಮಾತನಾಡುತ್ತಿದ್ದರು. ಅವರ ಒಂದೊಂದು ಪದವೂ ಸಂಕೇತದ ಕೆಳಗಿನಿಂದ ಸ್ಪಷ್ಟವಾಗಿ ಕೇಳಿಸುವ ಜಾಗದಲ್ಲಿ ಸ್ಕ್ರೂಡ್ರೈವರ್ ನಿಲ್ಲಿಸಿ, ಪ್ರಿಸೆಟ್ ಮೇಲೆ ಒಂದು ಹನಿ ಉಗುರು ಬಣ್ಣ ಬಿಟ್ಟೆ.

ಇನ್ನು ತೊಂದರೆಗಳು. ಮೊದಲನೆಯದು, ಚಿಪ್ಪು ಚಾಲೂ ಆದೊಡನೆ ಮೊದಲು ಓಡುವ ಪುಟ್ಟ ಪ್ರೋಗ್ರಾಮಾದ ಬೂಟ್‌ಲೋಡರಿನದು. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಕೊಂಡರೆ ಚಿಪ್ಪನ್ನು ತಾನಾಗಿ ಮರುಪ್ರಾರಂಭಿಸಲು ವಾಚ್‌ಡಾಗ್ ಎಂಬ ಒಳಗಡಿಯಾರವಿದೆ, ಗುಡ್ಡದ ಮೇಲಿನ ಸಾಧನಕ್ಕೆ ಅದು ಬೇಕೇ ಬೇಕು. ನಾನು ಕೊಂಡ ಬೋರ್ಡಿನಲ್ಲಿ ಹಳೆಯ ಬೂಟ್‌ಲೋಡರ್ ಇತ್ತು. ವಾಚ್‌ಡಾಗ್ ಒಮ್ಮೆ ಮರುಪ್ರಾರಂಭಿಸಿದ ನಂತರ ಅತ್ಯಂತ ಕಿರಿದಾದ ಅವಧಿಗೆ ಇಳಿದು ಚಾಲೂ ಆಗಿಯೇ ಇರುತ್ತದೆ. ಹಳೆಯ ಬೂಟ್‌ಲೋಡರ್ ಅದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಪ್ರೋಗ್ರಾಂ ಶುರುವಾಗುವ ಮೊದಲೇ ಚಿಪ್ಪು ಮತ್ತೆ ಮತ್ತೆ ಬೀಳುತ್ತದೆ. ಮನೆಯ ಮೇಜಿನ ಮೇಲೆ ಎಲ್‌ಇಡಿ ಬಿಡದೆ ಪಟಪಟನೆ ಮಿನುಗುತ್ತಿದ್ದುದನ್ನು ಕಂಡು ನಾನು ಎರಡು ಸಂಜೆ ತಲೆ ಕೆಡಿಸಿಕೊಂಡೆ. ಕೊನೆಗೆ ಇನ್ನೊಂದು ಅರ್ಡುಯಿನೊ ಮೂಲಕ ಆಪ್ಟಿಬೂಟ್ ಎಂಬ ಹೊಸ ಬೂಟ್‌ಲೋಡರ್ ಹಾಕಿದ ಮೇಲೆ ಸರಿಹೋಯಿತು. ಅರ್ಡುಯಿನೊದವರ ಅಸಲಿ ನ್ಯಾನೊ 2018ರಿಂದ ಹೊಸ ಬೂಟ್‌ಲೋಡರಿನೊಂದಿಗೇ ಬರುತ್ತಿದೆ, ನಕಲು ಕೊಳ್ಳುವವರು ಇದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಎರಡನೆಯದು ನನ್ನ ಪ್ರೋಗ್ರಾಮಿನ ತಪ್ಪು, ಮತ್ತು ಬೇರೆಯವರೂ ಮಾಡಬಹುದಾದದ್ದಾದ್ದರಿಂದ ವಿವರವಾಗಿ ಬರೆಯುತ್ತೇನೆ. ಅರ್ಡುಯಿನೊದ ಮಿಲಿಸೆಕೆಂಡು ಎಣಿಕೆ 32 ಬಿಟ್‌ಗಳದ್ದು, ಸುಮಾರು 49.7 ದಿನಗಳಾದ ಮೇಲೆ ಅದು ತುಂಬಿ ಸೊನ್ನೆಗೆ ಮರಳುತ್ತದೆ. ‘ಈಗಿನ ಸಮಯ ಮುಂದಿನ ಗಡುವಿಗಿಂತ ಹೆಚ್ಚಾಯಿತೇ’ ಎಂದು ನಾನು ಹೋಲಿಸಿದ್ದೆ. ಏಳು ವಾರ ಎಲ್ಲವೂ ಸರಿಯಾಗಿತ್ತು. ಒಂದು ದಿನ ಬೆಳಿಗ್ಗೆ ರಿಪೀಟರ್ ಎಂದಿನಂತೆ ಮಾತನ್ನು ಸಾಗಿಸುತ್ತಿದ್ದರೂ ಕರೆ ಸಂಕೇತ ಮಾತ್ರ ಬರಲಿಲ್ಲ, ಏಕೆಂದರೆ ಗಡುವು ಬಹುದೊಡ್ಡ ಸಂಖ್ಯೆಯಾಗಿಯೇ ಉಳಿದಿತ್ತು, ಎಣಿಕೆ ಸೊನ್ನೆಯಿಂದ ಮತ್ತೆ ಹೊರಟಿತ್ತು. ಈಗಿನ ಎಣಿಕೆಯಿಂದ ಹಿಂದಿನದನ್ನು ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆಗಳಲ್ಲಿ ಕಳೆದು, ಆ ವ್ಯತ್ಯಾಸ 10 ನಿಮಿಷ ಮೀರಿತೇ ಎಂದು ನೋಡಿದರೆ ಈ ಸಮಸ್ಯೆ ಹುಟ್ಟುವುದೇ ಇಲ್ಲ. ಪರೀಕ್ಷಿಸಲು 50 ದಿನ ಕಾಯಬೇಕಾಗಿಯೂ ಇಲ್ಲ, ಎಣಿಕೆಗೆ ದೊಡ್ಡ ಸಂಖ್ಯೆಯೊಂದನ್ನು ಕೂಡಿಸಿ ಅಂಚಿನ ಹತ್ತಿರದಿಂದಲೇ ಓಡಿಸಿದರೆ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಅದನ್ನು ಮೊದಲೇ ಮಾಡಿದ್ದರೆ ಮಳೆಯಲ್ಲಿ ಜಾರುವ ದಾರಿ ಹತ್ತುವುದು ತಪ್ಪುತ್ತಿತ್ತು.

ಮೂರನೆಯದು ರೇಡಿಯೊ ಶಕ್ತಿಯದ್ದೇ ಉಪದ್ರವ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದಾಗ 25 ವಾಟ್ ಟ್ರಾನ್ಸ್‌ಮಿಟರ್ ಚಾಲೂ ಆದೊಡನೆ ಬೋರ್ಡ್ ಮರುಪ್ರಾರಂಭವಾಗುತ್ತಿತ್ತು. ಅಲ್ಯೂಮಿನಿಯಂ ಪೆಟ್ಟಿಗೆಗೆ ಬದಲಾಯಿಸಿ, ಒಳಬರುವ ಪ್ರತಿಯೊಂದು ತಂತಿಗೂ ಫೆರೈಟ್ ಮಣಿ ಮತ್ತು ನೆಲಕ್ಕೆ 1000 ಪಿಕೊಫ್ಯಾರಡ್ ಕೆಪ್ಯಾಸಿಟರ್ ಹಾಕಿದ ಮೇಲೆ ಅದು ನಿಂತಿತು. 13.8 ವೋಲ್ಟನ್ನು ಬೋರ್ಡಿನ ಪುಟ್ಟ ರೆಗ್ಯುಲೇಟರಿಗೆ ನೇರವಾಗಿ ಕೊಡದೆ ಬೇರೆ 7805 ರೆಗ್ಯುಲೇಟರ್ ಬಳಸಿದ್ದೇನೆ.

ಆದರೆ ಕಟ್ಟುವವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಪಿಟಿಟಿಯನ್ನು, ಅಂದರೆ ಟ್ರಾನ್ಸ್‌ಮಿಟರನ್ನು ಚಾಲೂ ಮಾಡುವ ತಂತಿಯನ್ನು, ಎಳೆಯುವ ಬಿಸಿ547 ಟ್ರಾನ್ಸಿಸ್ಟರಿನ ಬೇಸಿನಿಂದ ನೆಲಕ್ಕೆ ಹೋಗುವ ಒಂದು 10 ಕಿಲೊಓಮ್ ರೆಸಿಸ್ಟರನ್ನು. ಚಿಪ್ಪು ಮರುಪ್ರಾರಂಭವಾಗುವ ಹೊತ್ತಿನಲ್ಲಿ ಅದರ ಪಿನ್ನುಗಳೆಲ್ಲ ತೇಲುತ್ತಿರುತ್ತವೆ, ಅಂದರೆ ಯಾವ ವೋಲ್ಟೇಜಿಗೂ ಕಟ್ಟುಬಿದ್ದಿರುವುದಿಲ್ಲ, ಆಗ ಟ್ರಾನ್ಸ್‌ಮಿಟರ್ ತಾನಾಗಿ ಚಾಲೂ ಆಗದಂತೆ ತಡೆಯುವುದು ಅದೊಂದೇ. ಗುರುತು ಹೇಳದ ರಿಪೀಟರನ್ನು ಒಂದು ದಿನದ ಮಟ್ಟಿಗೆ ನಿಭಾಯಿಸಬಹುದು, ಪಿಟಿಟಿ ಸಿಕ್ಕಿಕೊಂಡ ರಿಪೀಟರ್ ಇಡೀ ಆವರ್ತನವನ್ನೇ ಮುಚ್ಚಿಹಾಕುತ್ತದೆ, ಪ್ರವಾಹದ ಸಮಯದಲ್ಲಿ ಅದು ಎಷ್ಟು ದುಬಾರಿಯಾಗಬಹುದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಗುರುತು ಸಾಧನದ ಪಿಟಿಟಿ 15 ಸೆಕೆಂಡಿಗಿಂತ ಹೆಚ್ಚು ನಿಲ್ಲದಂತೆ ಬೋರ್ಡಿನ ಹೊರಗೆ 555 ಐಸಿಯ ಪ್ರತ್ಯೇಕ ಟೈಮರನ್ನೂ ಇಟ್ಟಿದ್ದೇನೆ. ಇಂಥ ಕಾವಲನ್ನು ಪ್ರೋಗ್ರಾಮಿಗೆ ಮಾತ್ರ ಒಪ್ಪಿಸುವುದು ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರೋಗ್ರಾಂ ಬರೆಯಲು, ಬೆಸುಗೆ ಹಾಕಲು ಬರುವವರಿಗೆ ಈ ಬೋರ್ಡನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಡಬ್ಬಿ, ಕನೆಕ್ಟರುಗಳೆಲ್ಲ ಸೇರಿ ನನಗೆ 1,400 ರೂಪಾಯಿಯೊಳಗೆ ಮುಗಿಯಿತು. ದೂರದಿಂದಲೇ ನಿಯಂತ್ರಿಸುವುದು, ಧ್ವನಿಯಲ್ಲಿ ಪ್ರಕಟಣೆ ಕೊಡುವುದು ಇತ್ಯಾದಿ ಬೇಕಾದವರು ಸಿದ್ಧ ರಿಪೀಟರ್ ಕಂಟ್ರೋಲರನ್ನೇ ಕೊಳ್ಳುವುದು ಮೇಲು. ಬೋರ್ಡನ್ನು ನೇರವಾಗಿ ಬೆಸೆಯದೆ ಸಾಕೆಟ್ಟಿನಲ್ಲಿ ಕೂರಿಸಿ. ಸಿಡಿಲಿಗೆ ಒಂದು ಬೋರ್ಡ್ ಹೋದರೂ ಮೇಲೆ ಹೋದವರು ಯಾರೇ ಆಗಲಿ ಬದಲಾಯಿಸಿ ಬರಲೆಂದು, ಅದೇ ಪ್ರೋಗ್ರಾಂ ತುಂಬಿದ ಇನ್ನೊಂದು ಬೋರ್ಡನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಪೊಟ್ಟಣ ಕಟ್ಟಿ ಅಂಟಿಸಿದ್ದೇನೆ, ಯಾವ ತುದಿ ಮೇಲೆ ಬರಬೇಕೆಂದು ಪೊಟ್ಟಣದ ಮೇಲೆ ಬಾಣ ಬರೆದಿದ್ದೇನೆ.