ಕರೆಂಟ್ ಬಿಸಿನೀರಿನ ಬ್ಯಾಗು: ಶುಗರ್ ಇರೋರು ಓದ್ಕೊಂಡು ತಗೊಳ್ಳಿ

ಅಮ್ಮಂಗೆ ಎರಡೂ ಮಂಡಿ ಸವೆದಿದೆ, ಜೊತೆಗೆ ಶುಗರ್ರು, ಬಿಪಿ, ಕಿಡ್ನಿ ಹೆಂಗಿದೆ ಅಂತ ರಕ್ತದಲ್ಲಿ ನೋಡೋ ಕ್ರಿಯಾಟಿನಿನ್ ಬೇರೆ ಸ್ವಲ್ಪ ಜಾಸ್ತಿ, ಹಂಗಾಗಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಮುಟ್ಟೋ ಹಂಗಿಲ್ಲ, ಕಿಡ್ನಿಗೆ ಹೊಡೆತ, ಬಿಪಿನೂ ಏರತ್ತೆ ಅಂತ ಡಾಕ್ಟ್ರು ಖಡಾಖಂಡಿತ ಹೇಳ್ಬಿಟ್ಟಿದಾರೆ. ಅದಕ್ಕೇ ಈ ಬ್ಯಾಗ್ ತರಿಸಿದ್ದು.

ಕೆಲಸ ಮಾಡತ್ತೆ. ಪ್ಲಗ್ ಹಾಕಿದ್ರೆ ಕೆಂಪು ಲೈಟ್ ಹತ್ತತ್ತೆ, ಬಿಸಿಯಾದ್ಮೇಲೆ ತಾನೇ ಆಫ್ ಆಗತ್ತೆ, ಆಮೇಲೆ ವೈರ್ ಕಿತ್ತೇ ಇಟ್ಕೋಬೇಕು, ಸಿಕ್ಕಿಸಿಕೊಂಡೇ ಮಂಡಿ ಮೇಲಿಟ್ಟು ಟಿವಿ ನೋಡ್ತಾ ಕೂರಬೇಡಿ ಮಾರಾಯ್ರೆ, ಒಳಗಿರೋದು ನೀರು. ಬೆಳಿಗ್ಗೆ ಬಿಗಿದ ಮಂಡಿಗೆ 15 ನಿಮಿಷ ಶಾಖ ಕೊಟ್ರೆ ಅಮ್ಮ ಗೋಡೆ ಹಿಡಿಯದೆ ಅಡುಗೆಮನೆವರೆಗೂ ಹೋಗ್ತಾರೆ, ಹೋಗಿ ಕಾಫಿ ಡಿಕಾಕ್ಷನ್ ನಾನು ಹಾಕಿದ್ದು ಸರಿಯಿಲ್ಲ ಅಂತ ಬೈತಾರೆ. ಮಂಡಿ ಊದ್ಕೊಂಡು ಕೆಂಪಗಿದ್ದ ದಿನ ಮಾತ್ರ ಶಾಖ ಬೇಡ.

ಮುಖ್ಯವಾದ್ದು ಇದು: ಶುಗರಿಂದ ಪಾದ ಜೋಮು ಹಿಡಿದಿರೋರಿಗೆ ಬಿಸಿ ಗೊತ್ತೇ ಆಗಲ್ಲ, ಬೊಬ್ಬೆ ಎದ್ಮೇಲೇ ಗೊತ್ತಾಗೋದು, ಆ ಗಾಯ ಬೇಗ ಮಾಯಲ್ಲ. ನಾವು ಟವೆಲ್ ಸುತ್ತಿ, ಮೊದಲು ನಾನೇ ಕೈಯಿಟ್ಟು ನೋಡಿ, ಮಂಡಿಗಷ್ಟೇ ಇಡ್ತೀವಿ, ಪಾದಕ್ಕೆ ಇಲ್ವೇ ಇಲ್ಲ. ಡಬ್ಬದ ಮೇಲೆ ಈ ಬಗ್ಗೆ ಒಂದಕ್ಷರ ಇಲ್ಲ, ಒಂದು ಸ್ಟಾರ್ ಕಟ್ ಮಾಡಿರೋದು ಅದಕ್ಕೇ.

ವೈರ್ ಗಿಡ್ಡ. ಬ್ಯಾಗ್ ಲೀಕ್ ಆದ್ರೆ ಟೇಪ್ ಗೀಪ್ ಅಂಟಿಸೋಕೆ ಹೋಗ್ಬೇಡಿ, ಬಿಸಾಕಿ.