ಬಿಡಿಭಾಗ ತರಿಸಿ ಎಲೆಕ್ಟ್ರಿಕ್ ಗಿಟಾರ್ ಕಟ್ಟುವವರೇ, ನೆಕ್ ವಿಷಯದಲ್ಲಿ ಹುಷಾರು

ಆನ್‌ಲೈನ್‌ನಲ್ಲಿ ಗಿಟಾರ್ ನೆಕ್ (ಬೆರಳಿಂದ ತಂತಿ ಒತ್ತುವ ಉದ್ದನೆಯ ಕತ್ತಿನ ಭಾಗ) ತರಿಸಬೇಕು ಅಂತ ಯೋಚನೆ ಮಾಡುತ್ತಿರುವ ಕೊಡಗಿನವರು, ಪಕ್ಕದ ಮಲೆನಾಡಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಮಳೆಗಾಲದಲ್ಲಿ ತರಿಸುವವರು. ನಮಗೆ ಆದದ್ದು ಬೇರೆಯವರಿಗೆ ಆಗಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅಣ್ಣನ ಮಗ ವಿರಾಜಪೇಟೆಯಲ್ಲಿ ಕಾಲೇಜು ಓದುತ್ತಿದ್ದಾನೆ. ಒಳ್ಳೆಯ ಕೈ ಅವನದು. ಅಂಗಡಿಯಲ್ಲಿ ಸಿಗುವ ಗಿಟಾರ್ ಬೇಡ, ತನಗೆ ಬೇಕಾದ ಹಾಗೆ ಒಂದನ್ನು ತಾನೇ ಕಟ್ಟಬೇಕು ಅಂತ ಅವನ ಆಸೆ. ಇದರಲ್ಲಿ ಅತಿಯಾಸೆ ಏನೂ ಇಲ್ಲ. 1950ರ ದಶಕದ ಶುರುವಿನಲ್ಲಿ ಬಂದ ಫೆಂಡರ್ ಟೆಲಿಕಾಸ್ಟರ್, 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್ ಎರಡರಲ್ಲೂ ನೆಕ್ಕನ್ನು ಅಂಟು ಹಾಕಿ ಕೂರಿಸುವುದಿಲ್ಲ. ನಾಲ್ಕು ಸ್ಕ್ರೂ ಹಾಕಿ ಬಿಗಿಯುತ್ತಾರೆ, ಅಷ್ಟೆ. ಬೇಡವಾದರೆ ಬಿಚ್ಚಿ ಬೇರೆಯದನ್ನು ಕೂರಿಸಬಹುದು. ಅದಕ್ಕೇ ಬಾಡಿ ಒಂದು ಕಡೆಯಿಂದ, ನೆಕ್ ಇನ್ನೊಂದು ಕಡೆಯಿಂದ, ತಂತಿಯ ಕಂಪನ ಹಿಡಿದು ಆಂಪ್ಲಿಫೈಯರ್‌ಗೆ ಕಳಿಸುವ ಪಿಕಪ್ ಮತ್ತೊಂದು ಕಡೆಯಿಂದ ತರಿಸಿ ಜೋಡಿಸುವ ಹವ್ಯಾಸ ಎಲ್ಲ ದೇಶಗಳಲ್ಲೂ ಬೆಳೆದಿದೆ. ಮಡಿಕೇರಿ, ಗೋಣಿಕೊಪ್ಪದಲ್ಲಿ ಇಂಥ ಬಿಡಿಭಾಗ ಹುಡುಕಿದರೂ ಸಿಗುವುದು ಕಷ್ಟ. ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು, ಇಲ್ಲ ಅಂದರೆ ಕೊರಿಯರ್‌ನಲ್ಲಿ ತರಿಸಬೇಕು. ನಾವು ತರಿಸಿದೆವು.

ದುಡ್ಡು ಕಟ್ಟುವ ಮೊದಲು ಮಾರುವವರ ಹತ್ತಿರ ಎಲ್ಲ ಕೇಳಿದ್ದೆವು. ಮೇಪಲ್ ನೆಕ್, ಬೀಟೆ ಮರದ ಫ್ರೆಟ್‌ಬೋರ್ಡ್ (ಫ್ರೆಟ್ ಅನ್ನುವ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿದ ಮೇಲ್ಭಾಗ), ಯಂತ್ರದಲ್ಲಿ ಚೆನ್ನಾಗಿ ಒಣಗಿಸಿದ ಮರ, ಎರಡೂ ಕಡೆಗೆ ಕೆಲಸ ಮಾಡುವ ಟ್ರಸ್ ರಾಡ್ (ಬಾಗು ಸರಿ ಮಾಡಲು ನೆಕ್ ಒಳಗೆ ಇಡುವ ಲೋಹದ ಕಡ್ಡಿ), 648 ಮಿ.ಮೀ. ಸ್ಕೇಲ್ (ತಂತಿಯ ನುಡಿಯುವ ಉದ್ದ). ಇಷ್ಟನ್ನೂ ಅವರು ಬರೆದು ಕೊಟ್ಟರು. ಪಟ್ಟಿ ಇಟ್ಟು ಅಳತೆ ತೋರಿಸಿ ಅಂದಾಗ ಫೋಟೋ ಕೂಡ ಕಳಿಸಿದರು. ಫೋಟೋದಲ್ಲಿದ್ದ ನೆಕ್ ನಿಜಕ್ಕೂ ಚೆನ್ನಾಗಿತ್ತು. ಬೆಲೆ 9,000 ರೂಪಾಯಿ.

ಪಾರ್ಸೆಲ್ ಬಂದದ್ದು ಕಕ್ಕಡದಲ್ಲಿ, ಅಂದರೆ ಕೊಡಗಿನ ಜೋರು ಮಳೆಯ ತಿಂಗಳಲ್ಲಿ. ಆ ತಿಂಗಳು ನಮ್ಮ ಕಡೆ ಒಲೆ ಮೇಲೆ ಹಾಕದೆ ಬಟ್ಟೆಯೂ ಒಣಗುವುದಿಲ್ಲ ಅನ್ನುವುದು ಇಲ್ಲಿಯವರಿಗೆ ಗೊತ್ತಲ್ವಾ. ಸುಂಟಿಕೊಪ್ಪದ ಹತ್ತಿರ ಇರುವ, ನಮ್ಮ ಮನೆಯ ಕಿಟಕಿ ಬಾಗಿಲು ಮಾಡಿಕೊಟ್ಟ ಆಚಾರ್ರ ಶೆಡ್ಡಿಗೇ ಡಬ್ಬಿ ತೆಗೆದುಕೊಂಡು ಹೋಗಿ ಬಿಚ್ಚಿದೆವು. ಹುಡುಗ ಮೊದಲಿನಿಂದ ಕೊನೆಯವರೆಗೆ ಮೊಬೈಲಿನಲ್ಲಿ ವಿಡಿಯೋ ಮಾಡಿದ.

ಆಚಾರ್ರಿಗೆ ಗಿಟಾರ್ ಗೊತ್ತಿಲ್ಲ, ಮರ ಗೊತ್ತು. ಕೈಗೆ ತೆಗೆದುಕೊಂಡ ಕೂಡಲೇ ಕೆನ್ನೆಗೆ ಒತ್ತಿ ನೋಡಿದರು. "ತಣ್ಣಗಿದೆ ಸಾರ್, ಹಸಿ ಮರ" ಅಂದರು. ಆಮೇಲೆ ಎರಡು ಸ್ಟೀಲ್ ಪಟ್ಟಿ ತೆಗೆದರು. ಒಂದನ್ನು ಮೊದಲ ಫ್ರೆಟ್ ಮೇಲೆ ಅಡ್ಡಲಾಗಿ ಇಟ್ಟರು, ಇನ್ನೊಂದನ್ನು ಕೊನೆಯ ಫ್ರೆಟ್ ಮೇಲೆ. ನೆಕ್ಕನ್ನು ಬೆಂಚಿನ ಮೇಲೆ ಮಲಗಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ ಒಂದು ಪಟ್ಟಿಯ ಅಂಚಿನ ಮೇಲಿಂದ ಇನ್ನೊಂದನ್ನು ನೋಡಿದರು. ನನಗೂ ನೋಡಲು ಹೇಳಿದರು. ಎರಡು ಅಂಚೂ ಒಂದಕ್ಕೊಂದು ಸಮನಾಗಿ ಕಾಣಬೇಕು. ಹಿಂದಿನ ಪಟ್ಟಿಯ ಎಡತುದಿ ಮೇಲೆ ಎದ್ದಿತ್ತು, ಬಲತುದಿ ಕೆಳಗೆ ಇಳಿದಿತ್ತು. ನೆಕ್ ಉದ್ದಕ್ಕೂ ತಿರುಚಿಕೊಂಡಿತ್ತು. ಬಾಗಿಲ ಚೌಕಟ್ಟಿಗೆ ತಂದ ಮರದಲ್ಲಿ ಇಂಥದ್ದು ಕಂಡರೆ ಅವರು ಅದನ್ನು ಅವತ್ತೇ ವಾಪಸ್ ಕಳಿಸುತ್ತಾರಂತೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದಿರಬೇಕು. ನೆಕ್ ಉದ್ದಕ್ಕೆ ಬಿಲ್ಲಿನ ಹಾಗೆ ಬಗ್ಗಿದ್ದರೆ ಟ್ರಸ್ ರಾಡ್ ತಿರುಗಿಸಿ ಸರಿ ಮಾಡಬಹುದು. ಆ ರಾಡ್ ಇರುವುದೇ ಅದಕ್ಕೆ. ಆದರೆ ತಿರುಚಿದ್ದರೆ ರಾಡ್‌ನಿಂದ ಏನೂ ಆಗುವುದಿಲ್ಲ. ಮಾರುವವರು ಫೋನಿನಲ್ಲಿ "ರಾಡ್ ಟೈಟ್ ಮಾಡಿ ಸಾರ್, ಸರಿಹೋಗುತ್ತೆ, ಇನ್ನೂ ಸ್ವಲ್ಪ ಟೈಟ್ ಮಾಡಿ" ಅಂತ ಹೇಳುತ್ತಲೇ ಇದ್ದರು. ಯಾರಾದರೂ ನಿಮಗೆ ಹೀಗೆ ಹೇಳಿದರೆ ಕೇಳಬೇಡಿ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲಕ್ಕೆ ತಿರುಗಿಸಬಾರದು. ಬಿಗಿಯಾದ ಮೇಲೂ ಬಲ ಹಾಕಿದರೆ ರಾಡ್ ತುದಿಯ ನಟ್‌ನ ಹಲ್ಲು ಹೋಗುತ್ತದೆ, ಇಲ್ಲವೇ ರಾಡೇ ತುಂಡಾಗುತ್ತದೆ. ಆಮೇಲೆ "ನೀವೇ ಹಾಳು ಮಾಡಿದ್ದೀರಿ" ಅನ್ನಲು ಅವರಿಗೆ ದಾರಿಯಾಗುತ್ತದೆ.

ಎರಡೂ ಕಡೆಗೆ ಕೆಲಸ ಮಾಡುವ ರಾಡ್ ಅಂದಿದ್ದರಲ್ಲ, ಅದನ್ನೂ ನೋಡಿದೆವು. ನೆಕ್ ಹಿಂದಕ್ಕೆ ಬಗ್ಗಿತ್ತು, ಅಂದರೆ ನಡುಭಾಗ ಎತ್ತರ, ಎರಡು ತುದಿ ತಗ್ಗು. ಹೀಗಿದ್ದಾಗ ತಂತಿ ಮೊದಲ ಫ್ರೆಟ್‌ಗಳಿಗೆ ತಾಗಿ ಬರೀ ಜುಂಯ್ ಅನ್ನುತ್ತದೆ, ಸ್ವರ ಬಿಡಿಸಿ ಬರುವುದಿಲ್ಲ. ಇದನ್ನು ಸರಿ ಮಾಡಲು ರಾಡನ್ನು ಸಡಿಲಿಸಬೇಕು. ಎರಡು ಕಡೆಯ ರಾಡ್ ಆದರೆ ಸಡಿಲ ಮಾಡುತ್ತಾ ಹೋದಂತೆ ಒಂದು ಕಡೆ ಪೂರ್ತಿ ಹಗುರ ಆಗಿ, ಅಲ್ಲಿಂದ ಮುಂದೆ ಮತ್ತೆ ಬಿಗಿ ಹಿಡಿಯುತ್ತದೆ. ನಮ್ಮದು ಹಗುರವಾಗುತ್ತಲೇ ಹೋಗಿ ನಟ್ ಕೈಗೇ ಬಂತು. ಒಂದೇ ಕಡೆಯ ರಾಡ್. ಹಿಂದಕ್ಕೆ ಬಗ್ಗಿದ ನೆಕ್ಕನ್ನು ಮುಂದಕ್ಕೆ ತಳ್ಳುವ ಶಕ್ತಿ ಅದಕ್ಕಿಲ್ಲ.

ಆಮೇಲೆ ಬೀಟೆ. ಕೊಡಗಿನಲ್ಲಿ ಹುಟ್ಟಿದವರಿಗೆ ಬೀಟೆ ಮರದ ಬಣ್ಣ, ಎಳೆ ಯಾರೂ ಹೇಳಿಕೊಡಬೇಕಿಲ್ಲ. ಆಚಾರ್ರು ಬಿಳಿ ಬಟ್ಟೆಗೆ ಒಂದಿಷ್ಟು ಟರ್ಪೆಂಟೈನ್ ಹಾಕಿ ಫ್ರೆಟ್‌ಬೋರ್ಡ್ ಉಜ್ಜಿದರು. ಬಟ್ಟೆ ಕಂದಾಯಿತು. ಕೆಳಗೆ ಯಾವುದೋ ಬಿಳಚಿದ ಮರ ಕಾಣಿಸಿತು. ಅದನ್ನು ನೋಡಿ ಹುಡುಗ ವಿಡಿಯೋ ನಿಲ್ಲಿಸಿ ಸುಮ್ನೆ ಕೂತುಬಿಟ್ಟ. "ಬಿಡಿ ಚಿಕ್ಕಪ್ಪ" ಅಂದ. ನನಗೆ ತುಂಬಾ ಬೇಜಾರಾಗಿದ್ದು ಆಗಲೇ. ಕಾಫಿ ಕೊಯ್ಲಿನಲ್ಲಿ ನಮ್ಮ ಜೊತೆ ದುಡಿದು ಕೂಡಿಸಿದ ದುಡ್ಡು ಅವನದು.

(ಹಾಗಾದರೆ ತೋಟದಲ್ಲೇ ಇರುವ ಬೀಟೆಯಿಂದ ಮಾಡಿಸೋಣ ಅಂತ ಯಾರೂ ಹೊರಡಬೇಡಿ. ಬೀಟೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸ್ ಬೇಕು. ಹಳೆ ಮನೆ ಕಳಚಿದಾಗ ಸಿಕ್ಕ ತುಂಡು ಅಂದರೂ ದಾಖಲೆ ಕೇಳುತ್ತಾರೆ.)

ದೂರು ಹೇಳಿದಾಗ ಬಂದ ಉತ್ತರ ಒಂದೊಂದು ದಿನ ಒಂದೊಂದು. ಮೊದಲು, "ಕೂರ್ಗ್ ಅಂದ್ರೆ ಮಳೆ ಅಲ್ವಾ ಸಾರ್, ನಿಮ್ಮ ಊರಿಗೆ ಬಂದ ಮೇಲೆ ಮರ ತಿರುಗಿದೆ." ಡಬ್ಬಿ ಬಿಚ್ಚಿದ ವಿಡಿಯೋ ಕಳಿಸಿದೆವು. ಆಗ, "ರಾಡ್ ಮುಟ್ಟಿದ್ದೀರಿ, ಬಳಸಿದ ಮಾಲು ವಾಪಸ್ ಇಲ್ಲ." ಆಮೇಲೆ ಸಾವಿರ ರೂಪಾಯಿ ಕೊಡುತ್ತೇವೆ, ಇಲ್ಲಿಗೆ ಬಿಡಿ ಅಂದರು. ಅವರು ಮೊದಲು ಕಳಿಸಿದ್ದ ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ತಲೆಭಾಗದಲ್ಲಿ ಮರದ ಎಳೆ ಓರೆಯಾಗಿ ಹೋಗಿದೆ. ನಮ್ಮ ಕೈಗೆ ಬಂದದ್ದರಲ್ಲಿ ನೇರವಾಗಿದೆ. ಫೋಟೋದಲ್ಲಿದ್ದ ನೆಕ್ಕೇ ಬೇರೆ, ಕಳಿಸಿದ್ದೇ ಬೇರೆ. ಇದು ಅಳತೆ ತಪ್ಪಿದ್ದಲ್ಲ, ಮೋಸ.

ಮಳೆಯ ಮೇಲೆ ಹಾಕುವ ಈ ಮಾತಿಗೆ ನಮ್ಮ ಜಿಲ್ಲೆಯವರು ಸುಲಭವಾಗಿ ಸುಮ್ಮನಾಗಿಬಿಡುತ್ತಾರೆ. ಮಳೆ ಇರುವುದು ನಿಜ ತಾನೇ ಅಂತ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಒಳ್ಳೆಯ ನೆಕ್‌ಗೆ ಬಳಸುವ ಮರವನ್ನು ಸಾಮಾನ್ಯವಾಗಿ ಶೇ. 6ರಿಂದ 8ರಷ್ಟು ತೇವಾಂಶಕ್ಕೆ ಒಣಗಿಸಿರುತ್ತಾರೆ. ಗಾಳಿಯಲ್ಲಿ ತೇವ ಶೇ. 85-90 ಇರುವ ಜಾಗದಲ್ಲಿ ಮರವನ್ನು ಹಾಗೇ ಬಿಟ್ಟರೆ ಅದು ನಿಧಾನವಾಗಿ ಎಳೆದುಕೊಂಡು ಶೇ. 18-20ರವರೆಗೆ ಹೋಗಬಹುದು. ಅದಕ್ಕೆ ವಾರಗಟ್ಟಲೆ ಬೇಕು. ಲ್ಯಾಕರ್ ಹೊಡೆದ ನೆಕ್ ಆದರೆ ಇನ್ನೂ ನಿಧಾನ. ಕೊರಿಯರ್ ಗಾಡಿ ಇಳಿದ ದಿನವೇ ನೆಕ್ ತಿರುಚಿದೆ ಅಂದರೆ ಅದು ಕೊಡಗಿನ ಮಳೆಯ ಕೆಲಸ ಅಲ್ಲ. ಹಸಿ ಮರವನ್ನೇ ಕೊಯ್ದು, ರಾಡ್ ಇಟ್ಟು, ಫ್ರೆಟ್ ಬಡಿದು ಮಾರಿದ್ದಾರೆ. ಕಾಫಿಯವರಿಗೆ ಇದು ಬೇಗ ಅರ್ಥ ಆಗುತ್ತದೆ: ಕಣದಲ್ಲಿ ಸರಿಯಾಗಿ ಒಣಗದ ಕಾಫಿಯನ್ನು ಮೂಟೆ ಕಟ್ಟಿದ ಹಾಗೆ. ಮೂಟೆ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

ಹಸಿ ಹೌದೋ ಅಲ್ಲವೋ ತಿಳಿಯಲು ಮನೆಯಲ್ಲೇ ಒಂದು ದಾರಿ ಇದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೆಕ್ ತೂಗಿ ಗ್ರಾಂ ಬರೆದಿಡಿ. ಒಣ ಕೋಣೆಯಲ್ಲಿ ಮಲಗಿಸಿಡಿ, ಗೋಡೆಗೆ ಒರಗಿಸಬೇಡಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಮರದಿಂದ ನೀರು ಹೋಗುತ್ತಿದೆ ಅಂತ ಅರ್ಥ. ನಮ್ಮದನ್ನು ಹಾಗೇ ಇಟ್ಟು ನೋಡಿದೆವು. ಬಂದಾಗ 680 ಗ್ರಾಂ ಇದ್ದದ್ದು, ಹುತ್ತರಿ ಕಳೆದು ಬಿಸಿಲು ಬಂದ ಮೇಲೆ 640ಕ್ಕೆ ನಿಂತಿತು. ಅಷ್ಟು ಹೊತ್ತಿಗೆ ಫ್ರೆಟ್‌ಬೋರ್ಡ್ ಕುಗ್ಗಿ, ಎರಡೂ ಅಂಚಿನಲ್ಲಿ ಫ್ರೆಟ್ ತುದಿಗಳು ಹೊರಗೆ ಬಂದು ಕೈಗೆ ಗೀರುತ್ತಿದ್ದವು. ಬೇಗ ಒಣಗಲಿ ಅಂತ ಒಲೆ ಮೇಲಿನ ಅಟ್ಟಕ್ಕೋ ಬಿಸಿಲಿಗೋ ಹಾಕಬೇಡಿ. ಸೀಳು ಬಿಡುತ್ತದೆ. ಮರದ ತೇವಾಂಶ ಅಳೆಯುವ ಚಿಕ್ಕ ಮೀಟರ್ ಸಿಗುತ್ತದೆ, ಎರಡು ಮುಳ್ಳು ಇರುವಂಥದ್ದು. ಬಾಡಿಯೊಳಗೆ ಮುಚ್ಚಿಹೋಗುವ ಬುಡದ ಭಾಗಕ್ಕೆ ಚುಚ್ಚಿ ನೋಡಿದರೆ ಗುರುತು ಯಾರಿಗೂ ಕಾಣುವುದಿಲ್ಲ.

ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು ಏನು? ಬರೀ ಅಳತೆ ಪಟ್ಟಿಯ ಫೋಟೋ ಸಾಲದು, ನಮ್ಮ ಅನುಭವವೇ ಸಾಕ್ಷಿ. ಒಂದು ಚೀಟಿಯಲ್ಲಿ ನಿಮ್ಮ ಹೆಸರು, ಆ ದಿನದ ತಾರೀಕು ಬರೆದು ನೆಕ್ ಪಕ್ಕ ಇಟ್ಟು ಫೋಟೋ ತೆಗೆದು ಕಳಿಸಲು ಹೇಳಿ. ಆ ಫೋಟೋದಲ್ಲಿ ಮರದ ಎಳೆ ಸ್ಪಷ್ಟವಾಗಿ ಕಾಣಬೇಕು. ತಲೆಭಾಗದ ಬಳಿ ತಂತಿ ಕೂರುವ ನಟ್‌ನಿಂದ (ರಾಡಿನ ನಟ್ ಅಲ್ಲ) 12ನೇ ಫ್ರೆಟ್‌ಗೆ ಎಷ್ಟು ಅಂತ ಕೇಳಿ. ಅದು ಸ್ಕೇಲ್‌ನ ಸರಿ ಅರ್ಧ ಇರಬೇಕು, 648ಕ್ಕೆ 324. ಗಿಬ್ಸನ್ ಮಾದರಿಯ ಸುಮಾರು 628ರ ನೆಕ್ ಆದರೆ 314 ಬರುತ್ತದೆ. 648ರ ಜಾಗದಲ್ಲಿ ಬ್ರಿಡ್ಜ್ (ಬಾಡಿ ಮೇಲೆ ತಂತಿ ಕೂರುವ ಭಾಗ) ಕೂರಿಸಿದ ಬಾಡಿಗಳಲ್ಲಿ ಇಂಥ ನೆಕ್ ಸುಮ್ನೆ ಹಾಕಿದರೆ ಎಷ್ಟು ಶ್ರುತಿ ಮಾಡಿದರೂ ಮೇಲಿನ ಸ್ವರಗಳು ಕೂಡುವುದಿಲ್ಲ. ಬುಡದ ಅಗಲ ಸುಮಾರು 56 ಮಿ.ಮೀ. ಬುಡ ಸ್ಟ್ರಾಟೊಕಾಸ್ಟರ್ ಆದರೆ ದುಂಡು, ಟೆಲಿಕಾಸ್ಟರ್ ಆದರೆ ಚಪ್ಪಟೆ. ಇದು ಬಾಡಿಯ ಗುಂಡಿಗೆ ಹೊಂದುತ್ತದಾ ನೋಡಿ. ಎರಡು ಪಟ್ಟಿ ಇಟ್ಟು ತಿರುಚು ತೋರಿಸುವ ವಿಡಿಯೋ ಕೇಳಿ. ಕೊಡಲ್ಲ ಅಂದರೆ ಅಲ್ಲಿಗೆ ಕೈ ಬಿಡಿ. ಸಾಧ್ಯವಾದರೆ ಜನವರಿಯಿಂದ ಮಾರ್ಚ್ ಒಳಗೆ ತರಿಸಿ, ಇಲ್ಲಿನ ಒಣ ಹವೆಯಲ್ಲಿ ಕೆಲವು ವಾರ ಇಟ್ಟು ಆಮೇಲೆ ಜೋಡಿಸಿ.

ಉಳಿದ ಭಾಗಗಳಲ್ಲೂ ಸುಳ್ಳು ಇತ್ತು. ಅಲ್ನಿಕೊ (ಒಂದು ಬಗೆಯ ಮಿಶ್ರಲೋಹದ ಮ್ಯಾಗ್ನೆಟ್) ಅಂತ ಕೊಟ್ಟ ಪಿಕಪ್ ತಿರುವಿ ನೋಡಿದರೆ ತಳದಲ್ಲಿ ಎರಡು ಪಟ್ಟಿ ಮ್ಯಾಗ್ನೆಟ್ ಅಂಟಿಸಿದ್ದರು. ಅದು ಸೆರಾಮಿಕ್. ಅಲ್ನಿಕೊ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನಲ್ಲಿ ಸಾಮಾನ್ಯವಾಗಿ ತಂತಿಗಳ ಕೆಳಗೆ ಕಾಣುವ ಆರು ಕಡ್ಡಿಗಳೇ ಮ್ಯಾಗ್ನೆಟ್. ಬ್ರಿಡ್ಜ್ ತರಿಸುವಾಗ ತಂತಿಗಳ ಅಂತರ ಕೇಳಿ. 56 ಮಿ.ಮೀ. ಇರುವುದೂ ಉಂಟು, 52.5 ಇರುವುದೂ ಉಂಟು. ನೆಕ್‌ಗೆ ಹೊಂದದಿದ್ದರೆ ಹೊರಗಿನ ತಂತಿ ಅಂಚಿನಿಂದ ಜಾರುತ್ತದೆ.

ಹಳೆಯ ಲೈನ್‌ಮನೆ, ತೋಟದ ಮನೆಗಳಲ್ಲಿ ನುಡಿಸುವವರಿಗೆ ಒಂದು ಮಾತು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿ, ಬ್ರಿಡ್ಜ್ ಎಲ್ಲ ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಅರ್ಥಿಂಗ್‌ಗೆ ಸೇರಿರುತ್ತವೆ. ಮನೆಯ ಸಾಕೆಟ್‌ಗೆ ಅರ್ಥ್ ಇಲ್ಲದೆ ಆಂಪ್‌ನಲ್ಲಿ ದೋಷವಿದ್ದರೆ ಕರೆಂಟು ತಂತಿಗೇ ಬರಬಹುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ನುಡಿಸುವಾಗ ಇದು ಜೀವಕ್ಕೇ ಅಪಾಯ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಮುರಿದು ಬಳಸಬೇಡಿ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.

ದುಡ್ಡಿನ ಕಥೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆವು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಹಾಗಿಲ್ಲದ ಅಥವಾ ದೋಷ ಇರುವ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಮಾರುವವರು ಹೇಳುವ ಹಾಗಿಲ್ಲ. ದೂರಿಗೆ ಡಬ್ಬಿ ಬಿಚ್ಚಿದ ವಿಡಿಯೋ, ಎರಡೂ ಫೋಟೋ, ಅವರು ಬರೆದು ಕೊಟ್ಟ ವಿವರ ಲಗತ್ತಿಸಿದ ಮೇಲೆ ಅವರ ಮಾತಿನ ಧಾಟಿ ಬದಲಾಯಿತು. ನೆಕ್‌ನ 9,000 ವಾಪಸ್ ಬಂತು, ಕೊರಿಯರ್ ಖರ್ಚು, ಪಿಕಪ್ ದುಡ್ಡು ಬರಲಿಲ್ಲ. ಅದಕ್ಕೂ ಒಪ್ಪದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಲು ತಯಾರಿದ್ದೆವು. 2019ರ ಕಾಯ್ದೆಯಲ್ಲಿ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವರ ಊರಿಗೆ ಅಲೆಯಬೇಕಿಲ್ಲ. ನಮಗೆ ಅದು ಮಡಿಕೇರಿಯಲ್ಲೇ ಇದೆ. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು, ಎರಡು ವರ್ಷದೊಳಗೆ ಕೊಡಬೇಕು.

ಹುಡುಗನ ಗಿಟಾರ್ ಈಗ ನುಡಿಯುತ್ತಿದೆ. ಮೈಸೂರಿನಲ್ಲಿ ಒಬ್ಬರು ಮಾರಿದ ಹಳೆ ಗಿಟಾರ್‌ನ ನೆಕ್ ಅದಕ್ಕಿದೆ. ಕೈಯಲ್ಲಿ ಹಿಡಿದು, ಎರಡು ಪಟ್ಟಿ ಇಟ್ಟು ನೋಡಿಯೇ ತಂದೆವು. ಹಲವು ಮಳೆಗಾಲ ಕಂಡೂ ನೇರವಾಗಿ ನಿಂತಿರುವ ಮರ ಅದು, ಹೊಸ ಅಗ್ಗದ ನೆಕ್‌ಗಿಂತ ಅಂಥದ್ದನ್ನೇ ನಾನು ಮೇಲು ಅನ್ನುತ್ತೇನೆ. ಕೊಡಗಿನಲ್ಲಿ ಯಾರಾದರೂ ನೆಕ್ ತರಿಸುವ ಯೋಚನೆಯಲ್ಲಿದ್ದರೆ, ದುಡ್ಡು ಕಟ್ಟುವ ಮೊದಲು ಅವರು ಕಳಿಸಿದ ಫೋಟೋ, ಅಳತೆ ನನಗೆ ಕಳಿಸಿ. ನೋಡಿ ಹೇಳುತ್ತೇನೆ, ಬೇಕಾದರೆ ಆಚಾರ್ರನ್ನೂ ಕೇಳುತ್ತೇನೆ.